ಒಂಬತ್ತರ ಫರಕು: ಮಬ್ಬು ತಲೆ ಹೊತ್ತು ಬೇಸರದ ನೌಕರಿಗೆ ಸೇರಿದ ಒಬ್ಬಳ ಪ್ರಕರಣ

ದೂರು

ವಯಸ್ಸು 26. ಬಿ.ಕಾಂ. ಆಗಿದೆ, ಮದುವೆ ಆಗಿಲ್ಲ. ಹುನಗುಂದ ತಾಲ್ಲೂಕಿನ ಹಳ್ಳಿಯವಳು. ನವನಗರದಲ್ಲಿ ಚಿಗವ್ವನ ಮನೆಯಲ್ಲಿದ್ದುಕೊಂಡು ಹಳೇ ಬಾಗಲಕೋಟೆಯ ಒಂದು ಪತ್ತಿನ ಸಹಕಾರಿ ಸಂಘಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಸೇರಿ ಐದು ವಾರ ಆಗಿದ್ದಾಗ ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಳು. ಇದನ್ನು ಬರೆಯಲು ಅವಳ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ, ಹೆಸರನ್ನೂ ಇಟ್ಟಿಲ್ಲ.

ಅವಳು ಹೇಳಿದ್ದು ಇಷ್ಟು: "ಮೇಡಂ, ನನಗ ಕೆಲಸಾನ ಬರವಲ್ದು ನೋಡ್ರಿ. ಸಾಲಿ ಹುಡುಗುರು ಮಾಡೋ ಕೆಲಸ ಅದು. ಅಂಕಿ ನೋಡ್ತೀನಿ, ಟೈಪ್ ಮಾಡ್ತೀನಿ, ತಿರುಗಿ ನೋಡಿದ್ರ ಬ್ಯಾರೇನ ಇರ್ತೈತಿ. ತಲಿ ಪೂರಾ ಜಡ ಆಗೇತ್ರಿ."

ಅಳು ಇರಲಿಲ್ಲ. ದುಃಖ ಅನ್ನುವ ಮಾತೂ ಬರಲಿಲ್ಲ. ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಅಳುವುದು ಅಂತ ನಮ್ಮ ಜನ ತಿಳಿದಿರುತ್ತಾರೆ. ಅವಳೂ ಹಾಗೇ ತಿಳಿದಿದ್ದಳು. ಅದಕ್ಕೇ ತನಗೆ ಆಗಿರುವುದು ಖಿನ್ನತೆ ಇರಬಹುದು ಅಂತ ಹೊಳೆದೇ ಇರಲಿಲ್ಲ. ಮೊಬೈಲಿನಲ್ಲಿ ಹುಡುಕಿ ಹುಡುಕಿ, ತಲೆಯಲ್ಲಿ ಗಡ್ಡೆ ಇದೆಯೇನೋ ಅನ್ನುವ ಹೆದರಿಕೆ ಹಚ್ಚಿಕೊಂಡಿದ್ದಳು. ರಾಜೀನಾಮೆ ಪತ್ರ ಟೈಪ್ ಮಾಡಿ ಮೊಬೈಲಿನಲ್ಲೇ ಇಟ್ಟುಕೊಂಡಿದ್ದಳು. ದಿನಾಂಕ ಒಂದು ಹಾಕಿರಲಿಲ್ಲ.

ಹಿಂದಿನ ಕಥೆ

ಈ ಭಾಗದವರಿಗೆ ಹೇಳಬೇಕಾದ್ದು ಜಾಸ್ತಿ ಇಲ್ಲ. ಡಿಗ್ರಿ ಮುಗಿಸಿದವಳು ಧಾರವಾಡಕ್ಕೆ ಹೋಗಿ ರೂಮು ಮಾಡಿ, ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ವರ್ಷಗಟ್ಟಲೆ ಓದಿದಳು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಓದುವ ಕೊಠಡಿಯಲ್ಲಿ ಒಂದು ಕುರ್ಚಿ. ಒಮ್ಮೆ ಸ್ವಲ್ಪದರಲ್ಲಿ ತಪ್ಪಿತು. ಅದಾದ ಮೇಲಿನ ಪರೀಕ್ಷೆಗೆ ಕೂತಾಗ ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಅದರ ಮೊದಲ ಸಾಲು ಮರೆತುಹೋಗುತ್ತಿತ್ತಂತೆ. ಅಂದರೆ ಮಬ್ಬು ನೌಕರಿಯ ಜೊತೆ ಬಂದದ್ದಲ್ಲ. ಅದಕ್ಕೂ ವರ್ಷದ ಹಿಂದೆಯೇ ಶುರುವಾಗಿತ್ತು.

ಅಪ್ಪ ವಾಪಸ್ ಕರೆಸಿಕೊಂಡರು. ಪರಿಚಯದವರ ಮೂಲಕ ಈ ಕೆಲಸ ಸಿಕ್ಕಿತು. ಮನೆಯವರಿಗೆ ಸಮಾಧಾನ. "ನೆಳ್ಳಾಗ ಕುಂತ ಮಾಡೋ ಕೆಲಸ, ಮತ್ತೇನ ಬೇಕವ್ವಾ?" ಅಂದರು ಅಪ್ಪ. ಬಿಸಿಲಲ್ಲಿ ಈರುಳ್ಳಿ ಕಿತ್ತವರ ಮಾತು ಅದು, ತಪ್ಪು ಅನ್ನಲಾಗದು. ಆದರೆ ಆ ಮಾತು ಕೇಳಿದ ಮೇಲೆ ಅವಳಿಗೆ ಬಾಯಿ ಬಿಡುವುದೇ ಕಷ್ಟವಾಯಿತು.

ಕೆಲಸ ಹೇಗಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಗ್ಮಿ ಗೊತ್ತಲ್ವಾ? ದಿನಾ ಅಂಗಡಿಗೆ ಬಂದು ಇಪ್ಪತ್ತೋ ಐವತ್ತೋ ಕಟ್ಟಿಸಿಕೊಂಡು ಹೋಗುವ ಉಳಿತಾಯ. 1928ರಲ್ಲಿ ಕರಾವಳಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆ ಶುರು ಮಾಡಿದ ಈ ಪದ್ಧತಿಯನ್ನು ನಮ್ಮ ಕಡೆಯ ಪತ್ತಿನ ಸಂಘಗಳು ಇವತ್ತಿಗೂ ನಡೆಸುತ್ತವೆ. ಏಜೆಂಟರು ಸಂಜೆ ತಂದು ಕೊಟ್ಟ ಪಟ್ಟಿಯನ್ನು ಮರುದಿನ ಬೆಳಿಗ್ಗೆ ನಗದಿನ ಜೊತೆ ತಾಳೆ ನೋಡುವುದು ಅವಳ ಮೊದಲ ಕೆಲಸ. ಅದು ಮುಗಿದ ಮೇಲೆ ಹಳೇ ಲೆಡ್ಜರುಗಳನ್ನು ಹೊಸ ಸಾಫ್ಟ್‌ವೇರಿಗೆ ಏರಿಸುವುದು. ಸದಸ್ಯ ಸಂಖ್ಯೆ, ಹೆಸರು, ಗಂಡನ ಅಥವಾ ತಂದೆಯ ಹೆಸರು, ಷೇರು ಹಣ, ನಾಮಿನಿ. ಮುಂದಿನ ಸಾಲು. ಸದಸ್ಯ ಸಂಖ್ಯೆ, ಹೆಸರು... ಅರ್ಧ ಊರಿಗೇ ಒಂದೇ ಅಡ್ಡಹೆಸರು, ಒಂದೇ ಹೆಸರಿನವರು ಒಂದು ಪುಟದಲ್ಲಿ ಮೂರು ಜನ. ಮೇಲೆ ಫ್ಯಾನು, ಹೊರಗೆ ಪೇಟೆಯ ಗದ್ದಲ, ಎದುರಿಗೆ ಮುಗಿಯದ ಲೆಡ್ಜರುಗಳ ರಾಶಿ.

ದಿನದ ಕೊನೆಗೆ ಒಟ್ಟು ಕೂಡಿಸಿದರೆ ತಾಳೆ ಆಗುತ್ತಿರಲಿಲ್ಲ. 1,350 ಇದ್ದದ್ದು 1,530 ಆಗಿರುತ್ತಿತ್ತು. ಇಲ್ಲವೇ ಒಂದು ಸಾಲೇ ಬಿಟ್ಟುಹೋಗಿರುತ್ತಿತ್ತು. ಎಲ್ಲಿ ತಪ್ಪಿದೆ ಅಂತ ಹುಡುಕಲು ಮತ್ತೆ ಮೊದಲಿನಿಂದ ನೋಡಬೇಕು. ಆ ಹುಡುಕಾಟದಲ್ಲಿ ಇನ್ನೊಂದು ತಪ್ಪು. ಆರು ತಿಂಗಳ ಪ್ರೊಬೇಷನ್ ಬೇರೆ.

ಬೇಸರವೋ, ಕಾಯಿಲೆಯೋ

ಇದು ಸುಮ್ನೆ ಕೆಲಸ ಹಿಡಿಸದ ಬೇಸರ ಇರಬಹುದಲ್ವಾ? ಮ್ಯಾನೇಜರಿಗೆ ಹಾಗೇ ಅನ್ನಿಸಿತ್ತು, ಚಿಗವ್ವನಿಗೂ ಹಾಗೇ. ನಾನು ಇಂಥ ಕಡೆ ಕೆಲಸದ ಬಗ್ಗೆ ಕೇಳುವುದಕ್ಕಿಂತ ರಜೆಯ ಬಗ್ಗೆ ಕೇಳುತ್ತೇನೆ. ಬೇಸರದ ಕೆಲಸ ಮಾಡುವವರು ಸಂಜೆ ಕುರ್ಚಿ ಬಿಟ್ಟೆದ್ದರೆ ಹಗುರಾಗುತ್ತಾರೆ. ಭಾನುವಾರ ಚೆನ್ನಾಗಿ ಉಣ್ಣುತ್ತಾರೆ, ನಗುತ್ತಾರೆ. ಖಿನ್ನತೆ ಇರುವವರಿಗೆ ಭಾನುವಾರವೂ ಸೋಮವಾರದ ಹಾಗೇ ಇರುತ್ತದೆ.

ಕಾರಹುಣ್ಣಿಮೆಗೆ ಅವಳು ಊರಿಗೆ ಹೋಗಿದ್ದಳು. ಕರಿ ಹರಿಯುವುದು ಅಂದರೆ ಚಿಕ್ಕಂದಿನಿಂದ ಜೀವ. ಆ ಸಲ ಎತ್ತುಗಳು ಮನೆ ಮುಂದೆಯೇ ಓಡಿದರೂ ಹೊರಗೆ ಬರಲಿಲ್ಲ. ಒಳಗೆ ಮಲಗಿದ್ದಳು. ನಿದ್ದೆಯೂ ಬಂದಿರಲಿಲ್ಲ.

ಇನ್ನೊಂದು ವಿಷಯ ಹೊರಬಿದ್ದದ್ದು ಹವ್ಯಾಸದ ಬಗ್ಗೆ ಕೇಳಿದಾಗ. ಅಜ್ಜಿ ಕಲಿಸಿದ ಕಸೂತಿ ಅವಳಿಗೆ ಬರುತ್ತದೆ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಾದರೆ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬಬೇಕು. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಒಂದು ಸೆರಗಿನ ಮೇಲೆ ಗೋಪುರ ಹಾಕುತ್ತಾ ಅರ್ಧಕ್ಕೆ ಬಿಟ್ಟಿದ್ದಳು. ಯಾಕೆ ಅಂದರೆ, "ಎಳಿ ಎಣಸಾಕ ಆಗವಲ್ದ್ರಿ. ಎಂಟಕ್ಕ ಬರೋದ್ರಾಗ ಮರೀತೀನಿ." ಅದನ್ನು ಬಿಟ್ಟಿದ್ದು ಧಾರವಾಡದಲ್ಲಿದ್ದಾಗ, ಈ ನೌಕರಿಗೂ ಮೊದಲು. ಇಷ್ಟವಾದ ಕೆಲಸದಲ್ಲೂ ಎಣಿಕೆ ತಪ್ಪುತ್ತಿದೆ ಅಂದ ಮೇಲೆ ತಪ್ಪನ್ನೆಲ್ಲ ಲೆಡ್ಜರಿನ ತಲೆಗೆ ಕಟ್ಟಲು ಬರುವುದಿಲ್ಲ.

ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಇದೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ. ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಅವಳಿಗೆ 17 ಬಂತು. 15ರಿಂದ 19 ಅಂದರೆ ಮಧ್ಯಮಕ್ಕಿಂತ ಮೇಲಿನ ಖಿನ್ನತೆ. ಆಸಕ್ತಿ ಇಲ್ಲದಿರುವುದು 3, ಸುಸ್ತು 3, ಗಮನ ನಿಲ್ಲದಿರುವುದು 3. ಮನಸ್ಸು ಕುಗ್ಗಿದ್ದಕ್ಕೆ 2 ಮಾತ್ರ. ಗಮನ ನಿಲ್ಲದಿರುವುದು, ಯೋಚನೆ ಓಡದಿರುವುದು ಖಿನ್ನತೆಯ ಅಧಿಕೃತ ಲಕ್ಷಣಗಳಲ್ಲೇ ಒಂದು ಅಂತ ಹೇಳಿದಾಗ ಅವಳು ನಂಬಲಿಲ್ಲ. ಪುಸ್ತಕ ತೆಗೆದು ತೋರಿಸಬೇಕಾಯಿತು.

ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದನ್ನು ಸುತ್ತಿ ಬಳಸಿ ಕೇಳಬಾರದು, ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ನಾವೇ ತಲೆಗೆ ಹಾಕಿದಂತೆ ಆಗುತ್ತದೆ ಅನ್ನುವುದು ಸುಳ್ಳು. "ಬೆಳಗ್ಗೆ ಎಚ್ಚರ ಆಗದಿದ್ರ ಚೊಲೊ ಇತ್ತು ಅನಸ್ತೈತಿ, ಆದ್ರ ಏನೂ ಮಾಡ್ಕೊಳ್ಳಂಗಿಲ್ಲ" ಅಂದಳು. ಹಾಗೆ ಅನ್ನಿಸಿದ ದಿನ ಯಾರಿಗೆ ಹೇಳುತ್ತಿ ಅಂತ ಕೇಳಿ, ಚಿಗವ್ವನ ಹೆಸರು ಬರೆಸಿದೆ. ಅದರ ಕೆಳಗೆ ಟೆಲಿ ಮನಸ್ ನಂಬರು 14416. 2022ರ ಅಕ್ಟೋಬರ್ 10ರಿಂದ ಇರುವ ಸರ್ಕಾರದ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ರಕ್ತದ ವರದಿ

ಮದ್ದು ಬರೆಯುವುದು ನನ್ನ ಕೆಲಸವಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ತಾಲ್ಲೂಕಿನಲ್ಲಿ ಇರುವವರಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ಕ್ಲಿನಿಕ್ ಇದೆ. ಆದರೆ ಅವಳಿಗೆ ನವನಗರದ ಆಸ್ಪತ್ರೆಯೇ ಹತ್ತಿರ. ಚಿಗವ್ವ ಮೊದಲು ಬಾದಾಮಿಯ ಬನಶಂಕರಿಗೆ ಹೋಗಿ ಬರೋಣ ಅಂದರು. ಹೋಗಿ ಬನ್ನಿ, ಬರುವಾಗ ಆಸ್ಪತ್ರೆಗೂ ಹೋಗಿ ಅಂದೆ. ದೇವಸ್ಥಾನ ಬೇಡ ಅಂದರೆ ಆಸ್ಪತ್ರೆಯೂ ತಪ್ಪುತ್ತದೆ. ಇದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು.

ವೈದ್ಯರು ಮಾತ್ರೆಗಿಂತ ಮೊದಲು ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್ ಕಡಿಮೆ ಇದ್ದರೂ ಬಿ12 ಕಡಿಮೆ ಇದ್ದರೂ ತಲೆ ಹೀಗೇ ಮಬ್ಬಾಗುತ್ತದೆ, ಖಿನ್ನತೆಯ ಹಾಗೇ ಕಾಣುತ್ತದೆ. ಅವೆರಡೂ ಸರಿ ಇದ್ದವು. ಹಿಮೋಗ್ಲೋಬಿನ್ ಮಾತ್ರ 9.2. ಅವಳ ವಯಸ್ಸಿನ ಹೆಣ್ಣುಮಕ್ಕಳಿಗೆ 12 ಇರಬೇಕು. ಇದೇನು ಅಪರೂಪ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ವಿಚಾರಿಸಿದಾಗ ಮುಟ್ಟಿನ ಸ್ರಾವ ಬಹಳ ದಿನದಿಂದ ಜಾಸ್ತಿ ಇದ್ದದ್ದು ತಿಳಿಯಿತು. ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಹೀಗೇ ಇರುತ್ತದೆ ಅಂದುಕೊಂಡಿದ್ದಳು. ಅದಕ್ಕೆ ಸ್ತ್ರೀರೋಗ ತಜ್ಞರ ಬಳಿ ಬೇರೆ ಚೀಟಿ ಆಯಿತು.

ಹಾಗಾಗಿ ಇಲ್ಲಿ ಮಬ್ಬಿಗೆ ಎರಡು ಕಾರಣ. ಖಿನ್ನತೆ ಒಂದು, ರಕ್ತ ಕಡಿಮೆ ಇರುವುದು ಇನ್ನೊಂದು. ಯಾವುದು ಎಷ್ಟು ಅಂತ ಬೇರೆ ಮಾಡಿ ತೋರಿಸಲು ಆಗುವುದಿಲ್ಲ, ಎರಡಕ್ಕೂ ಔಷಧ ಕೊಡಬೇಕು ಅಷ್ಟೇ. ಪುಂಡಿಪಲ್ಯ ತಿನ್ನಲಿ, ಸರಿ ಹೋಗುತ್ತದೆ ಅಂದರು ಚಿಗವ್ವ. ತಿನ್ನಲಿ, ಒಳ್ಳೆಯದೇ. ಆದರೆ 9.2 ಇರುವವರಿಗೆ ಪಲ್ಯ ಒಂದೇ ಸಾಲದು. ಕಬ್ಬಿಣದ ಮಾತ್ರೆ ಶುರುವಾಯಿತು. ಮಲ ಕಪ್ಪಾಗುತ್ತದೆ, ಗಾಬರಿ ಬೀಳಬೇಡ ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸಂಘದಲ್ಲಿ ಹನ್ನೊಂದಕ್ಕೆ, ನಾಲ್ಕಕ್ಕೆ ಚಹಾ ಬರುತ್ತದೆ, ನಡುವೆ ಯಾರಾದರೂ ತರಿಸುತ್ತಾರೆ. ಮಬ್ಬು ಹೋಗಲಿ ಅಂತ ಅವಳು ಬಂದದ್ದನ್ನೆಲ್ಲ ಕುಡಿಯುತ್ತಿದ್ದಳು. ಮಾತ್ರೆಯನ್ನು ಚಹಾದಿಂದ ದೂರದ ಹೊತ್ತಿಗೆ, ಲಿಂಬೆ ಪಾನಕದ ಜೊತೆ ತೆಗೆದುಕೊಳ್ಳುವಂತೆ ಹೊಂದಿಸಿಕೊಂಡಳು.

ಖಿನ್ನತೆಗೆ ಎಸಿಟಾಲೋಪ್ರಾಮ್, ಮೊದಲು 5 ಮಿಲಿಗ್ರಾಂ, ಆಮೇಲೆ 10. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿತು. ಇಂಥ ಮಾತ್ರೆಗಳ ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗೊತ್ತಾಗಲು ಆರೆಂಟು ವಾರ. ತೊಂದರೆ ಮೊದಲು, ಲಾಭ ಆಮೇಲೆ. ನಮ್ಮಲ್ಲಿ ಬಹಳ ಜನ ಈ ನಡುವಿನ ದಿನಗಳಲ್ಲೇ ಮಾತ್ರೆ ಬಿಡುವುದು.

ರಾಜೀನಾಮೆಯ ಪ್ರಶ್ನೆ

ಅವಳಿಗೆ ನನ್ನಿಂದ ಬೇಕಿದ್ದ ಉತ್ತರ ಒಂದೇ: ಕೆಲಸ ಬಿಡಲೋ ಬೇಡವೋ?

ಇದಕ್ಕೆ ಊರೆಲ್ಲ ಎರಡು ಉತ್ತರ ಸಿಗುತ್ತವೆ. ಮೈ ಬಗ್ಗಿಸಿ ದುಡಿ, ಬೇಸರ ಗೀಸರ ಎಲ್ಲ ಸೋಮಾರಿತನ ಅನ್ನುವವರು ಒಂದು ಕಡೆ. ನಿನ್ನ ಆಸಕ್ತಿ ಯಾವುದು ಹುಡುಕು, ಮನಸ್ಸಿಗೆ ಹಿಡಿಸದ ಕೆಲಸ ಬಿಟ್ಟುಬಿಡು ಅನ್ನುವ ಮೊಬೈಲ್ ಭಾಷಣಕಾರರು ಇನ್ನೊಂದು ಕಡೆ. ಎರಡನೆಯವರ ಮೇಲೆ ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ಖಿನ್ನತೆಯಲ್ಲಿ ಯಾವುದರಲ್ಲೂ ಆಸಕ್ತಿ ಇರುವುದಿಲ್ಲ, ಅದೇ ಕಾಯಿಲೆ. ಇಲ್ಲದ್ದನ್ನು ಹುಡುಕು ಅಂತ ಕಳಿಸಿದರೆ ಬರಿಗೈಲಿ ವಾಪಸ್ ಬಂದು ಇನ್ನಷ್ಟು ಕುಗ್ಗುತ್ತಾರೆ.

ಬೇಸರದ ಕೆಲಸಕ್ಕೆ ಎರಡು ಮುಖ ಇದೆ. 1930ರ ಸುಮಾರಿಗೆ ಆಸ್ಟ್ರಿಯಾದ ಮಾರಿಯೆಂಟಾಲ್ ಅನ್ನುವ ಊರಿನಲ್ಲಿ ಗಿರಣಿ ಮುಚ್ಚಿತು. ಮಾರೀ ಯಹೋದಾ ಮತ್ತು ಜೊತೆಗಾರರು ಅಲ್ಲಿದ್ದುಕೊಂಡು ಜನರನ್ನು ಗಮನಿಸಿ 1933ರಲ್ಲಿ ವರದಿ ಬರೆದರು. ಕೈತುಂಬ ಬಿಡುವು ಸಿಕ್ಕರೂ ಜನ ಓದಲಿಲ್ಲ, ಆಡಲಿಲ್ಲ. ನಡಿಗೆಯೇ ನಿಧಾನವಾಗಿತ್ತು, ದಿನ ಹೇಗೆ ಕಳೆಯಿತು ಅಂತ ಹೇಳಲೂ ಬರುತ್ತಿರಲಿಲ್ಲ. ಸಂಬಳದ ಜೊತೆಗೆ ಕೆಲಸವು ದಿನಕ್ಕೊಂದು ಚೌಕಟ್ಟು, ಮನೆಯಾಚೆಗಿನ ನಾಲ್ಕು ಮುಖ, ನಾನೂ ಒಬ್ಬಳು ಅನ್ನುವ ಲೆಕ್ಕ ಕೊಡುತ್ತದೆ ಅಂತ ಯಹೋದಾ ಮುಂದೆ ವಿವರಿಸಿದರು. ಕೆಲಸ ರುಚಿ ಇಲ್ಲದ್ದಾದರೂ ಇಷ್ಟು ಕೊಡುತ್ತದೆ. ಇವಳು ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುತ್ತಿದ್ದದ್ದು ನವನಗರದಿಂದ ಬಸ್ಸು ಹಿಡಿಯಬೇಕು ಅನ್ನುವ ಒಂದೇ ಕಾರಣಕ್ಕೆ.

ಇನ್ನೊಂದು ಮುಖ ಇದು. ಆಸಕ್ತಿಯ ಕೆಲಸ ಗಮನವನ್ನು ತಾನೇ ಎಳೆದುಕೊಳ್ಳುತ್ತದೆ. ಬೇಸರದ ಕೆಲಸಕ್ಕೆ ಗಮನವನ್ನು ನಾವೇ ತಳ್ಳಬೇಕು, ಸಾಲು ಸಾಲಿಗೂ ತಳ್ಳಬೇಕು. ಖಿನ್ನತೆಯಲ್ಲಿ ಆ ತಳ್ಳುವ ಶಕ್ತಿಯೇ ಇರುವುದಿಲ್ಲ. ಮಬ್ಬು ತಲೆಗೆ ಸುಲಭದ ಕೆಲಸವೇ ಕಷ್ಟದ ಕೆಲಸ. ಜೊತೆಗೆ ಕೈ ಕೆಲಸ ಮಾಡುತ್ತಿರುವಾಗ ತಲೆ ಖಾಲಿ. ಆ ಖಾಲಿ ಜಾಗದಲ್ಲಿ ಹಳೆಯದೆಲ್ಲ ಮೆಲುಕಾಡುತ್ತದೆ: ಆ ಪರೀಕ್ಷೆ, ಆ ಒಂದು ಪ್ರಶ್ನೆ, ಪಿಡಿಒ ಆದ ಗೆಳತಿ. ಆಗಲೇ 1,350 ಹೋಗಿ 1,530 ಆಗುವುದು.

ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು. ಪಿಎಚ್‌ಕ್ಯೂ ಅಂಕ 10ಕ್ಕಿಂತ ಕೆಳಗೆ ಬರುವವರೆಗೆ ಬಿಡುವ ಮಾತಿಲ್ಲ, ಇರುವ ಮಾತೂ ಇಲ್ಲ. ಮಬ್ಬಿನಲ್ಲಿ ತೆಗೆದುಕೊಂಡ ತೀರ್ಮಾನ ಯಾರದು ಅಂತ ಗೊತ್ತಾಗುವುದಿಲ್ಲ, ಅವಳದೋ ಕಾಯಿಲೆಯದೋ. ರಾಜೀನಾಮೆ ಪತ್ರ ಅಳಿಸು ಅಂತ ನಾನು ಹೇಳಲಿಲ್ಲ. ಮೊಬೈಲಿನಲ್ಲಿ ಇದ್ದರೆ ಬಾಗಿಲು ತೆರೆದಿದೆ ಅನ್ನುವ ಧೈರ್ಯ ಅವಳಿಗೆ. ಇರಲಿ ಅಂದೆ. ಎಲ್ಲಾ ಪ್ರಕರಣಕ್ಕೂ ಇದು ಹೊಂದುವುದಿಲ್ಲ. ಬಯ್ಯುವ, ಕಿರುಕುಳ ಕೊಡುವ, ಸಂಬಳ ಕೊಡದ ಜಾಗವಾಗಿದ್ದರೆ ಬೇರೆ ಮಾತಾಡುತ್ತಿದ್ದೆ. ಇಲ್ಲಿ ಹಾಗೇನೂ ಇರಲಿಲ್ಲ.

ಕುರ್ಚಿಯಲ್ಲಿ ಕೂತು ಮಾಡಿದ್ದು

ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತ ಕಾಯದೆ, ಮೊದಲು ಸಣ್ಣದಾಗಿ ಮಾಡುವುದು, ಮನಸ್ಸು ಹಿಂದಿನಿಂದ ಬರಲಿ ಅಂತ ಬಿಡುವುದು. ಈ ಚಿಕಿತ್ಸಾ ಕ್ರಮ 1970ರ ದಶಕದಿಂದ ಇದೆ. ನಮ್ಮ ಪಕ್ಕದ ಗೋವಾದಲ್ಲೇ ವಿಕ್ರಮ್ ಪಟೇಲ್ ಮತ್ತವರ ತಂಡ ಇದನ್ನು ವೈದ್ಯರಲ್ಲದ ಸ್ಥಳೀಯ ಸಲಹೆಗಾರರಿಗೆ ಕಲಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿತು. ಫಲ ಸಿಕ್ಕಿತು ಅಂತ 2017ರಲ್ಲಿ ಪ್ರಕಟವಾಯಿತು. ಇದರಿಂದ ನಾನು ತೆಗೆದುಕೊಂಡದ್ದು: ಹೊತ್ತಿಗೆ ಸರಿಯಾಗಿ ಏಳುವುದು, ಸಂಜೆ ಎರಡು ಸ್ಟಾಪು ಮೊದಲೇ ಇಳಿದು ನವನಗರದ ಅಗಲ ರಸ್ತೆಯಲ್ಲಿ ನಡೆದು ಮನೆಗೆ ಹೋಗುವುದು, ಭಾನುವಾರ ಒಂದು ಕೆಲಸ ಗೊತ್ತು ಮಾಡಿಕೊಳ್ಳುವುದು. ಇದರಲ್ಲಿ ಹೊಸದೇನೂ ಇಲ್ಲ, ಮುಂದೆ ಹೋಗೋಣ.

ಲೆಡ್ಜರಿನ ಮುಂದೆ ಏನು ಮಾಡಿದೆವು ಅನ್ನುವುದು ಹೆಚ್ಚು ಉಪಯೋಗದ್ದು. ತಲೆ ನೆನಪಿಡುತ್ತಿಲ್ಲ ಅಂದರೆ ನೆನಪಿಡುವ ಕೆಲಸವನ್ನು ತಲೆಯಿಂದ ಇಳಿಸಿ ಮೇಜಿನ ಮೇಲೆ ಇಡಬೇಕು. ಓದುವ ಸಾಲಿನ ಕೆಳಗೆ ಸ್ಕೇಲ್. ಏರಿಸಿದ ಸಾಲಿಗೆ ಪೆನ್ಸಿಲ್ ಟಿಕ್. ಹಣದ ಅಂಕಿಯನ್ನು ತುಟಿಯಲ್ಲೇ ಕನ್ನಡದಲ್ಲಿ ಅಂದುಕೊಳ್ಳುವುದು: ಸಾವಿರದ ಮುನ್ನೂರಾ ಐವತ್ತು. ಕಣ್ಣು 35 ಮತ್ತು 53ನ್ನು ಬೇಗ ಅದಲುಬದಲು ಮಾಡುತ್ತದೆ. ಬಾಯಿ ಅಷ್ಟು ಬೇಗ ಮೋಸ ಹೋಗುವುದಿಲ್ಲ. ಇಡೀ ಪುಟ ಮುಗಿದ ಮೇಲೆ ಕೂಡಿಸುವ ಬದಲು ಹತ್ತು ಸಾಲಿಗೊಮ್ಮೆ ಕೂಡಿಸಿ ತಾಳೆ ನೋಡುವುದು. ತಪ್ಪಿದರೆ ಹತ್ತು ಸಾಲಿನೊಳಗೇ ಸಿಗುತ್ತದೆ.

ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬರುವುದು. ಇದು ಸೋಮಾರಿತನ ಅಂತ ಅವಳಿಗೆ ನಾಚಿಕೆ. ಆಗ ಮ್ಯಾಕ್‌ವರ್ತ್ ಕಥೆ ಹೇಳಿದೆ. ಎರಡನೇ ಮಹಾಯುದ್ಧದಲ್ಲಿ ರಾಡಾರ್ ನೋಡುತ್ತಾ ಕೂತವರು ಶತ್ರುಗಳ ಜಲಾಂತರ್ಗಾಮಿಗಳ ಗುರುತು ತಪ್ಪಿಸುತ್ತಿದ್ದರು. ಇಂಗ್ಲೆಂಡಿನ ನಾರ್ಮನ್ ಮ್ಯಾಕ್‌ವರ್ತ್ ಇದನ್ನು ಪರೀಕ್ಷೆ ಮಾಡಲು ಒಂದು ಗಡಿಯಾರ ಮಾಡಿದ. ಮುಳ್ಳು ಒಂದೊಂದೇ ಹೆಜ್ಜೆ ಹೋಗುತ್ತದೆ, ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಜಿಗಿದದ್ದನ್ನು ಹೇಳಬೇಕು, ಅಷ್ಟೇ ಕೆಲಸ. ಆರೋಗ್ಯವಾಗಿದ್ದ ತರುಣರೂ ಅರ್ಧ ಗಂಟೆ ಆದ ಮೇಲೆ ತಪ್ಪಿಸತೊಡಗಿದರು. ನಡುವೆ ವಿಶ್ರಾಂತಿ ಕೊಟ್ಟರೆ ಮತ್ತೆ ಸರಿ. ಇದು 1948ರಲ್ಲಿ ಅಚ್ಚಾಯಿತು. "ಅಂದ್ರ ನಂದಷ್ಟ ಅಲ್ಲ ಇದು" ಅಂದಳು. ಅಲ್ಲ.

ಬೆಳಗಿನ ಹೊತ್ತು ಅವಳಿಗೆ ಅತಿ ಭಾರ. ಖಿನ್ನತೆಯಲ್ಲಿ ಬಹಳ ಜನರಿಗೆ ಹಾಗೇ. ಊಟದ ಹೊತ್ತಿಗೆ ತಲೆ ಸ್ವಲ್ಪ ತಿಳಿಯಾಗುತ್ತಿತ್ತು. ಬೆಳಿಗ್ಗೆ ಚೀಟಿಗಳನ್ನು ಏಜೆಂಟರ ಪ್ರಕಾರ ಬೇರ್ಪಡಿಸಿ ಪಿನ್ ಹಾಕುವುದು, ತಾಳೆ ನೋಡುವುದನ್ನು ಮಧ್ಯಾಹ್ನಕ್ಕೆ ಸರಿಸುವುದು ಆದರೆ ಅನುಕೂಲ. ಅದಕ್ಕೆ ಸಂಘದಲ್ಲಿ ಯಾರಿಗಾದರೂ ಹೇಳಬೇಕಲ್ಲ? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿ ಇರಬೇಕಾದ್ದು, ಅವಳಾಗಿ ಹೇಳಬೇಕಾದ ಕಟ್ಟುಪಾಡು ಇಲ್ಲಿರಲಿಲ್ಲ. "ರಕ್ತ ಭಾಳ ಕಡಿಮಿ ಐತ್ರಿ, ಡಾಕ್ಟರ್ ಔಷಧ ಕೊಟ್ಟಾರ, ಮುಂಜಾನೆ ತಲಿ ತಿರಗ್ತೈತಿ" ಅಂತಷ್ಟೇ ಹಿರಿಯ ಗುಮಾಸ್ತರಿಗೆ ಹೇಳಿದಳು. ಸುಳ್ಳಲ್ಲ, ಪೂರ್ತಿಯೂ ಅಲ್ಲ. ನನ್ನ ಪ್ರಕಾರ ಅಷ್ಟು ಸಾಕಿತ್ತು.

ಆ ಗುಮಾಸ್ತರನ್ನು ಅವಳು ಕಾಕಾ ಅನ್ನುತ್ತಾಳೆ. ಕಂಪ್ಯೂಟರ್ ಬರುವ ಮೊದಲಿನಿಂದ ಕಿರ್ದಿ ಬರೆದವರು. ಒಂದು ಸಂಜೆ ಅವಳು ಲೆಕ್ಕ ಕೂಡದೆ ಕೂತಿದ್ದಾಗ ಬಂದು ಕೇಳಿದರಂತೆ:

"ಫರಕ ಎಷ್ಟ ಬರ್ತೈತಿ?"

"ನೂರಾ ಎಂಬತ್ರಿ ಕಾಕಾ."

"ಒಂಬತ್ತರಿಂದ ಭಾಗ ಹೋಗ್ತೈತೇನ ನೋಡು."

ಹೋಯಿತು.

"ಹಂಗಾರ ಯಾವುದೋ ಅಂಕಿ ಹಿಂದ ಮುಂದ ಬರದೀದಿ. ಸಾಲ ಬಿಟ್ಟಿಲ್ಲ. ಅಂಥಾದ್ದ ಹುಡುಕು."

ಹಳೇ ಲೆಕ್ಕಿಗರ ಉಪಾಯ ಇದು. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗ ಹೋಗುತ್ತದೆ. 53ರಲ್ಲಿ 35 ಕಳೆದರೆ 18, 91ರಲ್ಲಿ 19 ಕಳೆದರೆ 72. ಭಾಗ ಹೋಗದಿದ್ದರೆ ತಪ್ಪು ಬೇರೆ ಕಡೆ ಇದೆ, ಹೆಚ್ಚಾಗಿ ಬಿಟ್ಟ ಸಾಲು. ಬಿಟ್ಟ ಸಾಲಿನ ಮೊತ್ತವೇ ಒಂಬತ್ತರಿಂದ ಭಾಗ ಹೋಗುವಂಥದ್ದಾದರೆ ಉಪಾಯ ಕೈಕೊಡುತ್ತದೆ ನಿಜ, ಆದರೂ ದಿನನಿತ್ಯಕ್ಕೆ ಸಾಕು.

ನನ್ನ ಮಾತುಕತೆಗಳು ಮಾಡದ ಕೆಲಸವನ್ನು ಇದು ಮಾಡಿತು. ಅಲ್ಲಿಯವರೆಗೆ ತಪ್ಪು ಅಂದರೆ "ನಾನು ದಡ್ಡಿ" ಅಂತ ಅರ್ಥ. ಈಗ ತಪ್ಪಿಗೆ ಒಂದು ಜಾತಿ ಬಂತು, ಹುಡುಕುವ ದಾರಿ ಬಂತು. ಲೆಕ್ಕ ತಪ್ಪಿದರೆ ತನ್ನನ್ನು ಬೈದುಕೊಳ್ಳುವ ಬದಲು ಮೊದಲು ಒಂಬತ್ತರಿಂದ ಭಾಗಿಸುತ್ತಿದ್ದಳು. ತಪ್ಪುಗಳು ಕೂಡಲೇ ಕಡಿಮೆಯಾಗಲಿಲ್ಲ. ಒಂದು ತಪ್ಪಿನ ಹಿಂದೆ ಇಡೀ ಸಂಜೆ ಹಾಳಾಗುವುದು ಕಡಿಮೆಯಾಯಿತು.

ಮೆಲುಕಾಟಕ್ಕೆ ಮಾಡಿದ್ದು ಇಷ್ಟು. ಯೋಚನೆ ಬಂದಾಗ ಒಂದು ಚೂರು ಕಾಗದದ ಮೇಲೆ ಅದರ ಒಂದು ಪದ ಬರೆದು, "ಸಂಜೆ ಬಸ್ಸಿನಾಗ ನೋಡ್ಕೊಳ್ಳೋಣ" ಅಂತ ಮುಂದಕ್ಕೆ ಹಾಕುವುದು. ಬಸ್ಸಿನಲ್ಲಿ ಚೀಟಿ ತೆಗೆದು ಯೋಚಿಸಲು ಅನುಮತಿ. ಎಷ್ಟೋ ಸಂಜೆ ಚೀಟಿ ತೆಗೆಯುವುದೇ ಮರೆಯುತ್ತಿತ್ತು. ಪರೀಕ್ಷೆಯ ಗೆಳತಿಯರ ವಾಟ್ಸಾಪ್ ಗುಂಪನ್ನು ಬಿಡದೆ ಸದ್ದಿಲ್ಲದಂತೆ ಮಾಡಿದಳು. ಕಣ್ಣು ಮುಚ್ಚಿ ಧ್ಯಾನ ಮಾಡಿಸುವ ಆ್ಯಪ್ ಒಂದನ್ನು ನನ್ನಲ್ಲಿಗೆ ಬರುವ ಮೊದಲೇ ಹಾಕಿಕೊಂಡಿದ್ದಳು. ಕಣ್ಣು ಮುಚ್ಚಿದ ಕೂಡಲೇ ಮೆಲುಕಾಟ ಇನ್ನೂ ಜೋರಾಗುತ್ತಿತ್ತು. ತೆಗೆಸಿದೆ. ಎಲ್ಲರಿಗೂ ಒಳ್ಳೆಯದು ಅನ್ನುವುದು ಎಲ್ಲರಿಗೂ ಒಳ್ಳೆಯದಲ್ಲ.

ತಲೆ ತಡವಾಗಿ ಬಂತು

ಆರು ವಾರಕ್ಕೆ ಅಂಕ 11. ಆಸಕ್ತಿ 3ರಿಂದ 1ಕ್ಕೆ, ಸಾವಿನ ಯೋಚನೆ 0ಗೆ ಇಳಿದಿತ್ತು. ಚಿಗವ್ವ ಖುಷಿ, ಹುಡುಗಿ ನಗುತ್ತಿದ್ದಾಳೆ ಅಂತ. ಆದರೆ ಗಮನದ ಅಂಕ ಮಾತ್ರ 3 ಇದ್ದದ್ದು 3ರಲ್ಲೇ ಇತ್ತು. ಅವಳು ಹೆಚ್ಚು ಹೆದರಿದ್ದು ಆಗಲೇ. ಮನಸ್ಸು ಸರಿಹೋದರೂ ತಲೆ ಬರುತ್ತಿಲ್ಲ ಅಂದರೆ ಇದು ಕಾಯಿಲೆ ಅಲ್ಲ, ನನ್ನ ತಲೆಯೇ ಇಷ್ಟು ಅಂತ.

ಈ ಪ್ರಕರಣವನ್ನು ಬರೆಯಬೇಕು ಅನ್ನಿಸಿದ್ದು ಇದೊಂದು ಕಾರಣಕ್ಕೆ. ಖಿನ್ನತೆಯಲ್ಲಿ ಮನಸ್ಸು ಮೊದಲು ಏಳುತ್ತದೆ, ಗಮನ ಮತ್ತು ನೆನಪು ಹಿಂದೆ ಉಳಿಯುವುದು ಸಾಮಾನ್ಯ. ಕೆಲವರಿಗೆ ತಿಂಗಳುಗಟ್ಟಲೆ. ಮನೆಯವರು ನೋಡುವುದು ನಗುವನ್ನು. ಆಫೀಸು ನೋಡುವುದು ತಪ್ಪನ್ನು. ನಕ್ಕಿದ್ದಾಳೆ ಅಂದ ಮೇಲೆ ಹುಷಾರಾಗಿದ್ದಾಳೆ, ಹುಷಾರಾದ ಮೇಲೂ ತಪ್ಪು ಮಾಡಿದರೆ ಅದು ಬೇಜವಾಬ್ದಾರಿ. ಲೆಕ್ಕ ಹೀಗೆ ಸಾಗುತ್ತದೆ. ಎಷ್ಟೋ ಜನ ಕೆಲಸ ಕಳೆದುಕೊಳ್ಳುವುದು ಕಾಯಿಲೆ ಜೋರಿದ್ದಾಗ ಅಲ್ಲ, ಅರ್ಧ ವಾಸಿಯಾದಾಗ. ಕೆಲಸ ಬೇಸರದ್ದಾದರೆ ಈ ಹಿಂದುಳಿದ ಗಮನವೇ ಎದ್ದು ಕಾಣುವುದು, ಯಾಕಂದರೆ ಆ ಕೆಲಸ ಕೇಳುವುದೇ ಅದೊಂದನ್ನು.

ಸ್ಕೇಲು, ಟಿಕ್ಕು, ಹತ್ತು ಸಾಲಿನ ಕೂಡಿಕೆ ಯಾವುದನ್ನೂ ಆಗ ಬಿಡಬೇಡ ಅಂದೆ. ಹಿಮೋಗ್ಲೋಬಿನ್ ಏರಲೂ ಸಮಯ ಬೇಕಿತ್ತು. ಮೂರು ತಿಂಗಳಿಗೆ 11.4 ಆಯಿತು. ನಾಲ್ಕು ತಿಂಗಳಿಗೆ ಪಿಎಚ್‌ಕ್ಯೂ 6. ಗಮನ 2. ಇಳಿದವುಗಳಲ್ಲಿ ಅತ್ಯಂತ ನಿಧಾನ ಅದೇ.

ನಾನು ಕಸೂತಿಯ ಬಗ್ಗೆ ಮಾತೆತ್ತಿರಲಿಲ್ಲ. ಅವಳೇ ಒಂದು ದಿನ ಆ ಸೆರಗು ತಂದು ತೋರಿಸಿದಳು. ಗೋಪುರದ ಮುಂದುವರಿಕೆಯಲ್ಲ, ಪಕ್ಕದಲ್ಲಿ ಸಣ್ಣ ಗವಂತಿ ಅಂಚು. ಒಂದು ಕಡೆ ಎಳೆ ತಪ್ಪಿ ಬಿಚ್ಚಿ ಹಾಕಿದ ಗುರುತಿತ್ತು. ಗೋಪುರಕ್ಕೆ ಕೈ ಹಾಕಲು ಇನ್ನೂ ಧೈರ್ಯ ಇಲ್ಲ ಅಂದಳು.

ಈಗ

ಅಂಕ 10ಕ್ಕಿಂತ ಕೆಳಗೆ ಬಂದಿದ್ದರಿಂದ ಒಪ್ಪಂದದಂತೆ ರಾಜೀನಾಮೆಯ ಮಾತು ತೆಗೆದೆವು. ಸದ್ಯಕ್ಕೆ ಇರುತ್ತೇನೆ ಅಂದಳು. ಕೆಲಸ ಇಷ್ಟವಾಗಿದೆ ಅಂತಲ್ಲ. "ಬ್ಯಾಸರ ಐತಿ, ಆದ್ರ ಬರೇ ಬ್ಯಾಸರ ಐತಿ" ಅನ್ನುತ್ತಾಳೆ. ಪ್ರೊಬೇಷನ್ ಮುಗಿದಿದೆ. ಮುಂದಿನ ಎಫ್‌ಡಿಎ ಪರೀಕ್ಷೆಗೆ ಅರ್ಜಿ ಹಾಕುವ ಯೋಚನೆ ಇದೆ, ಈ ಸಲ ಧಾರವಾಡಕ್ಕೆ ಹೋಗದೆ ಇಲ್ಲಿಂದಲೇ ಓದುತ್ತಾಳಂತೆ. ಹಾಕಲಿ, ಆದರೆ ಗಮನದ ಅಂಕ ಇನ್ನೂ ಇಳಿದ ಮೇಲೆ ಹಾಕಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಈಗಿನ ತಕರಾರು ಮಾತ್ರೆಯದು. ಮೊದಲ ಸಲದ ಖಿನ್ನತೆ ಇಳಿದ ಮೇಲೂ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಬೇಕು, ಆಮೇಲೆ ವೈದ್ಯರೇ ನಿಧಾನವಾಗಿ ಇಳಿಸುತ್ತಾರೆ. ಈ ನಡುವೆ ಗಂಡಿನ ಕಡೆಯವರು ಬಂದು ನೋಡಿ ಹೋಗಿದ್ದಾರೆ. ಮಾತು ಕೂಡುವುದರೊಳಗೆ ಮಾತ್ರೆ ಬಿಡಿಸಬೇಕು ಅನ್ನುವುದು ಅವ್ವನ ಹಟ. ಮಾತು ಮುಂದುವರಿದರೆ ಹುಡುಗನಿಗೆ ತಾನೇ ಹೇಳುತ್ತೇನೆ ಅನ್ನುತ್ತಾಳೆ ಇವಳು. ನಾನು ಇವಳ ಕಡೆ. ಚಿಗವ್ವ ಇನ್ನೂ ಯಾವ ಕಡೆಗೂ ಇಲ್ಲ. ಮುಂದಿನ ಭೇಟಿಗೆ ಅವ್ವನನ್ನೂ ಕರೆದುಕೊಂಡು ಬರಲು ವೈದ್ಯರು ಹೇಳಿದ್ದಾರೆ.